ರೋಮನ್ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿನ ಒಂದು ನಾಣ್ಯ ಮೇಳದಲ್ಲಿ ‘ತೊಳೆಯದ ರೋಮನ್ ನಾಣ್ಯಗಳು’ ಅಂತ ಮಾರುತ್ತಿದ್ದ ಪೊಟ್ಟಣವೊಂದನ್ನು ತಂದೆ. ಹನ್ನೆರಡು ನಾಣ್ಯಗಳಿವೆ. ಕೆಲವು ನುಣ್ಣಗೆ ಸವೆದಿವೆ, ಕೆಲವಕ್ಕೆ ಮಣ್ಣು ಕಚ್ಚಿಕೊಂಡಿದೆ, ಒಂದರ ಮೇಲೆ ತಿಳಿ ಹಸಿರು ಪುಡಿ ಇದೆ. ಯಾವ ರಾಜನ ನಾಣ್ಯ ಅಂತ ತಿಳಿಯುವುದು ಹೇಗೆ? ಅಮ್ಮ ಫೋನಿನಲ್ಲಿ ‘ಹುಣಸೆಹಣ್ಣು ಹಚ್ಚಿ ಉಜ್ಜು, ಫಳಫಳ ಅನ್ನುತ್ತೆ’ ಅಂದರು. ಹಚ್ಚಬಹುದಾ? ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಹಾಕಿ ಫೋಟೊ, ಅಳತೆ, ತೂಕ ಕಳಿಸಿದ್ದೇನೆ.

ಉತ್ತರ: ಮೊದಲು ಅಮ್ಮನ ಮಾತು. ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ. ನಿಂಬೆ, ವಿನೆಗರ್, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ.

ಅಮ್ಮ ಹೇಳಿದ್ದು ದೀಪಕ್ಕೆ, ತಂಬಿಗೆಗೆ ಸರಿ. ಅಲ್ಲಿ ಕಿಲುಬು ತೆಳ್ಳಗೆ ಮೇಲೆ ಕೂತಿರುತ್ತದೆ. ಹುಳಿ ಅದನ್ನು ತಿಂದರೆ ಕೆಳಗೆ ಒಳ್ಳೆಯ ಹಿತ್ತಾಳೆ ಸಿಗುತ್ತದೆ. ನಿಮ್ಮ ನಾಣ್ಯಗಳು ಮಣ್ಣಿನಲ್ಲಿ 1600 ವರ್ಷಕ್ಕಿಂತ ಜಾಸ್ತಿ ಇದ್ದು ಬಂದವು. ಅಷ್ಟು ಕಾಲದಲ್ಲಿ ಅವುಗಳ ಮೇಲ್ಮೈಯ ಲೋಹವೇ ಕಿಲುಬಾಗಿ ಬದಲಾಗಿದೆ. ರಾಜನ ಮೂಗು, ಕಿವಿ, ಅಂಚಿನ ಅಕ್ಷರ ಎಲ್ಲ ಉಳಿದಿರುವುದು ಆ ಗಟ್ಟಿ ಹಸಿರು ಅಥವಾ ಕಪ್ಪು ಪದರದಲ್ಲೇ. ಇದನ್ನು ಪ್ಯಾಟಿನಾ ಅನ್ನುತ್ತಾರೆ. ಅದನ್ನು ಕರಗಿಸಿದರೆ ಮುಖವೇ ಕರಗಿಹೋಗುತ್ತದೆ.

ಇದು ನನಗೆ ಗೊತ್ತಾದದ್ದು ಒಂದು ನಾಣ್ಯವನ್ನು ಕಳೆದುಕೊಂಡ ಮೇಲೆ. ಆಗಿನ್ನೂ ಶುರುವಿನ ದಿನಗಳು. ವಾಲೆನ್ಸ್ ಚಕ್ರವರ್ತಿಯ ಸಣ್ಣ ತಾಮ್ರದ ನಾಣ್ಯವೊಂದು ಕೈಗೆ ಬಂದಿತ್ತು. ಕಡು ಹಸಿರು, ಮುಖ ಅರ್ಧ ಕಾಣುತ್ತಿತ್ತು. ಇನ್ನರ್ಧವೂ ಕಾಣಲಿ ಅಂತ ಸ್ಟೀಲ್ ಬಟ್ಟಲಿನಲ್ಲಿ ನಿಂಬೆರಸಕ್ಕೆ ಹಾಕಿ ಮಲಗಿದೆ. ಬೆಳಿಗ್ಗೆ ರಸ ನೀಲಿ ಹಸಿರಾಗಿತ್ತು. ಬಟ್ಟಲ ತಳದಲ್ಲಿ ತೂತು ತೂತಾದ, ಹಸಿ ಮಾಂಸದ ಬಣ್ಣದ ಒಂದು ಬಿಲ್ಲೆ ಇತ್ತು. ಕಣ್ಣು, ಹಣೆಪಟ್ಟಿ, ಬರಹ ಏನೂ ಇರಲಿಲ್ಲ. ಆ ಬಿಲ್ಲೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ತೊಳೆಯಬೇಕು ಅನ್ನುವವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಆದ್ದರಿಂದ ನನ್ನ ಕ್ರಮ ಹೀಗೆ: ಓದುವುದು ಮೊದಲು, ತೊಳೆಯುವುದು ಆಮೇಲೆ. ತೊಳೆಯದೆಯೇ ಓದಲು ಆದರೆ ಇನ್ನೂ ಒಳ್ಳೆಯದು.

ನಾಣ್ಯ ಸವೆದಿದೆಯೋ ಮುಚ್ಚಿಕೊಂಡಿದೆಯೋ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯದಲ್ಲಿ ಉಬ್ಬಿದ ಭಾಗವೆಲ್ಲ ಚಪ್ಪಟೆಯಾಗಿ ನುಣುಪಾಗಿರುತ್ತದೆ. ಅಲ್ಲಿ ಹೋದದ್ದು ಹೋಯಿತು. ಎಷ್ಟು ತೊಳೆದರೂ ಒಂದು ಅಕ್ಷರವೂ ವಾಪಸ್ ಬರುವುದಿಲ್ಲ. ಮುಚ್ಚಿಕೊಂಡ ನಾಣ್ಯ ಬೇರೆ. ಅದರ ಮೈ ಉಬ್ಬುತಗ್ಗಾಗಿ ಒರಟಾಗಿರುತ್ತದೆ, ಮರಳಿನ ಕಣ ಕಾಣುತ್ತದೆ. ಅದರ ಕೆಳಗೆ ಚಿತ್ರ ಇರಬಹುದು. ನಿಮ್ಮ ಫೋಟೊಗಳಲ್ಲಿ 3, 5, 8 ಸವೆದವು. 1, 6, 11 ಮುಚ್ಚಿಕೊಂಡವು. ಕಷ್ಟಪಟ್ಟು ಶುಚಿ ಮಾಡಬೇಕಾದ್ದು ಆ ಮೂರು ಮಾತ್ರ.

ಸವೆದ ನಾಣ್ಯ ಓದಲು ಬೇಕಾದ್ದು ಓರೆ ಬೆಳಕು. ರಾತ್ರಿ ಕೋಣೆಯ ದೀಪ ಆರಿಸಿ. ನಾಣ್ಯವನ್ನು ಕಪ್ಪು ಬಟ್ಟೆಯ ಮೇಲಿಡಿ. ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಬೆಳಕು ನಾಣ್ಯದ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಈಗ ಟಾರ್ಚ್ ಅಲ್ಲಾಡಿಸದೆ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ಕೂದಲೆಳೆಯಷ್ಟು ಉಬ್ಬು ಉಳಿದಿದ್ದರೂ ಅದರ ನೆರಳು ಬೀಳುತ್ತದೆ. ಒಂದು ಕೋನದಲ್ಲಿ ಏನೂ ಇಲ್ಲ ಅನ್ನಿಸಿದ್ದು ಇನ್ನೊಂದು ಕೋನದಲ್ಲಿ ಕಾಲಾಗುತ್ತದೆ, ಈಟಿಯಾಗುತ್ತದೆ. ಎಂಟು ಕಡೆಯಿಂದ ಎಂಟು ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ಹೋದರೆ ಆಕಾರ ಎದ್ದು ಕಾಣುತ್ತದೆ.

ಎಲ್ಲರೂ ಮೊದಲು ಮುಖ ನೋಡುತ್ತಾರೆ. ಸವೆದ ನಾಣ್ಯದಲ್ಲಿ ನಾನು ಮೊದಲು ನೋಡುವುದು ಹಿಂಬದಿ. ನಾಲ್ಕನೇ ಶತಮಾನದ ರಾಜರ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಹಿಂಬದಿಯ ಚಿತ್ರಗಳು ಮಾತ್ರ ಕೆಲವೇ ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು, ಮತ್ತು ಒಂದೇ ಚಿತ್ರವನ್ನು ಹಲವು ಟಂಕಸಾಲೆಗಳು ಒಟ್ಟಿಗೆ ಹೊಡೆಯುತ್ತಿದ್ದವು. ಹಾಗಾಗಿ ಚಿತ್ರದ ಆಕಾರ ಸಿಕ್ಕರೆ ಕಾಲ ಸಿಕ್ಕ ಹಾಗೆಯೇ. ಒಂದಕ್ಷರವೂ ಬೇಕಿಲ್ಲ.

ನಿಮ್ಮ 3ನೇ ನಾಣ್ಯ ನೋಡಿ. ಅಗಲ 15 ಮಿಲಿಮೀಟರ್, ತೂಕ 1.5 ಗ್ರಾಂ. ಹಿಂಬದಿಯಲ್ಲಿ ಎರಡು ಉದ್ದನೆಯ ಗುಬುಟು, ನಡುವೆ ಒಂದು ಕೋಲು. ಅವರಿಬ್ಬರು ಈಟಿ ಹಿಡಿದ ಸೈನಿಕರು, ನಡುವಿನದು ದಂಡಿನ ಧ್ವಜ. ಸುತ್ತ ಇದ್ದ ಬರಹ ‘ಗ್ಲೋರಿಯಾ ಎಕ್ಸೆರ್ಕಿಟುಸ್’, ಅಂದರೆ ಸೇನೆಯ ಕೀರ್ತಿ. ಈ ಚಿತ್ರ ಶುರುವಾದದ್ದು ಕ್ರಿ.ಶ. 330ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ. ಆಗ ಸೈನಿಕರ ನಡುವೆ ಎರಡು ಧ್ವಜ ಇದ್ದವು. 335ರಲ್ಲಿ ನಾಣ್ಯದ ತೂಕ ಇಳಿಸಿದರು, ಗಾತ್ರವೂ ಚಿಕ್ಕದಾಯಿತು, ಧ್ವಜ ಒಂದೇ ಆಯಿತು. 341ರ ಹೊತ್ತಿಗೆ ಈ ಚಿತ್ರವೇ ನಿಂತುಹೋಯಿತು. ನಿಮ್ಮದರಲ್ಲಿ ಒಂದೇ ಧ್ವಜ, ತೂಕವೂ ಹೊಂದುತ್ತದೆ. ಹಾಗಾಗಿ 335ರಿಂದ 341ರ ಒಳಗಿನದು.

ಯಾವ ರಾಜ ಅನ್ನುವುದು ಇಲ್ಲಿ ನಿಜಕ್ಕೂ ಕಷ್ಟ. ಕಾನ್‌ಸ್ಟಂಟೈನ್ ತೀರಿಕೊಂಡದ್ದು 337ರಲ್ಲಿ. ಅವನ ನಂತರ ಆಳಿದ ಮೂವರು ಮಕ್ಕಳ ಹೆಸರು ಕಾನ್‌ಸ್ಟಂಟಿನುಸ್, ಕಾನ್‌ಸ್ಟಂಟಿಯುಸ್, ಕಾನ್‌ಸ್ಟಾನ್ಸ್. ಲ್ಯಾಟಿನ್‌ನಲ್ಲಿ ಮೊದಲ ಎರಡು ಹೆಸರಿಗೆ ಇರುವ ವ್ಯತ್ಯಾಸ ಒಂದೇ ‘ಎನ್’ ಅಕ್ಷರ. ನಿಮ್ಮ ನಾಣ್ಯದಲ್ಲಿ ಸರಿಯಾಗಿ ಅಲ್ಲೇ ಸವೆದಿದೆ! ತಲೆಯ ಮೇಲೆ ಎಲೆಗಳ ಮಾಲೆ ಕಂಡರೆ ಸಾಮಾನ್ಯವಾಗಿ ಯುವರಾಜ, ಮುತ್ತಿನ ಅಥವಾ ಹೂವಿನ ಪಟ್ಟಿ ಕಂಡರೆ ಚಕ್ರವರ್ತಿ. ಅದೂ ಕಾಣದಿದ್ದರೆ ‘ಕಾನ್‌ಸ್ಟಂಟೈನ್ ಮನೆತನ, 335–341’ ಅಂತ ಬರೆದು ಅಲ್ಲಿಗೆ ನಿಲ್ಲಿಸಿ. ಮ್ಯೂಸಿಯಂಗಳೂ ಹಾಗೆಯೇ ಬರೆದುಕೊಳ್ಳುತ್ತವೆ. ಕಾಣದ ಅಕ್ಷರವನ್ನು ಕಂಡೆ ಅಂದುಕೊಳ್ಳುವ ಆಸೆ ನಮಗೆಲ್ಲ ಇದೆ. ಅದಕ್ಕೆ ಕಡಿವಾಣ ಹಾಕದಿದ್ದರೆ ಪಟ್ಟಿಯೇ ಸುಳ್ಳಾಗುತ್ತದೆ.

5ನೆಯದು ನನಗೆ ಬಹಳ ಇಷ್ಟವಾಯಿತು. ಹಿಂಬದಿಯಲ್ಲಿ ನಾಲ್ಕು ಕಾಲಿನ ಪ್ರಾಣಿ, ಹೊಟ್ಟೆಯ ಕೆಳಗೆ ಎರಡು ಸಣ್ಣ ಉಬ್ಬು. ಅದು ರೋಮ್ ಕಟ್ಟಿದರೆಂದು ಕಥೆಯಲ್ಲಿ ಬರುವ ರೋಮುಲಸ್, ರೀಮಸ್ ಎಂಬ ಅವಳಿ ಮಕ್ಕಳಿಗೆ ಹಾಲೂಡುತ್ತಿರುವ ತೋಳ. ಮುಖದ ಬದಿಯಲ್ಲಿರುವುದು ರಾಜನಲ್ಲ, ಶಿರಸ್ತ್ರಾಣ ತೊಟ್ಟ ರೋಮಾ ದೇವಿ. 330ರ ಮೇ 11ರಂದು ಕಾನ್‌ಸ್ಟಂಟಿನೋಪಲ್ ಹೊಸ ರಾಜಧಾನಿಯಾಯಿತು. ಆ ಸುಮಾರಿಗೆ ಹಳೆಯ ನಗರಕ್ಕೆ ಒಂದು, ಹೊಸ ನಗರಕ್ಕೆ ಒಂದು ಅಂತ ಜೋಡಿ ನಾಣ್ಯ ತಂದರು. ಇದು ಹಳೆಯ ನಗರದ್ದು. ತೋಳದ ಕಾಲ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ‘ಟಿ’, ‘ಆರ್’ ಅನ್ನುವ ಎರಡು ಅಕ್ಷರ ನನಗೆ ಕಾಣುತ್ತಿವೆ. ಅದು ಟಂಕಸಾಲೆಯ ಗುರುತು. ಈ ನಾಣ್ಯ ಹುಟ್ಟಿದ್ದು ಟ್ರಿಯರ್‌ನಲ್ಲಿ, ಈಗಿನ ಜರ್ಮನಿಯ ಊರು. ಉಳಿದವಕ್ಕೂ ಆ ಗೆರೆಯ ಕೆಳಗೆ ಹುಡುಕಿ. ‘ಎಸ್‌ಐಎಸ್’ ಇದ್ದರೆ ಸಿಸ್ಕಿಯಾ (ಈಗಿನ ಕ್ರೊಯೇಷಿಯಾದಲ್ಲಿದೆ), ‘ಎಎನ್‌ಟಿ’ ಇದ್ದರೆ ಆಂಟಿಯೋಕ್ (ಈಗಿನ ಟರ್ಕಿಯಲ್ಲಿದೆ), ‘ಎಎಲ್‌ಇ’ ಇದ್ದರೆ ಅಲೆಕ್ಸಾಂಡ್ರಿಯಾ.

2ನೆಯದರಲ್ಲಿ ನಿಂತವನೊಬ್ಬ ಕುದುರೆಯಿಂದ ಬೀಳುತ್ತಿರುವ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಅದು 348ರಲ್ಲಿ ಬಂದ ‘ಫೆಲ್ ಟೆಂಪ್ ರೆಪಾರಾಟಿಯೊ’ ಸಾಲಿನದು. ಒಳ್ಳೆಯ ಕಾಲ ಮರಳಿ ಬಂತು ಅನ್ನುವ ಅರ್ಥ. 4 ಮತ್ತು 9ರಲ್ಲಿ ಮಾಲೆ ಹಿಡಿದು ಎಡಕ್ಕೆ ನಡೆಯುತ್ತಿರುವ ರೆಕ್ಕೆಯ ವಿಜಯದೇವಿ ಇದ್ದಾಳೆ. ಅವು 364ರಿಂದ 378ರ ನಡುವಿನವು, ವಾಲೆಂಟಿನಿಯನ್ ಅಥವಾ ಅವನ ತಮ್ಮ ವಾಲೆನ್ಸ್ ಕಾಲದವು.

8ನೆಯದನ್ನು ‘ಏನೂ ಇಲ್ಲದ ತಟ್ಟೆ’ ಅಂತ ಬರೆದಿದ್ದೀರಿ. ಈ ಪೊಟ್ಟಣದಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ಅದನ್ನೇ. ಅಗಲ 31 ಮಿಲಿಮೀಟರ್, ತೂಕ 22 ಗ್ರಾಂ. ನಾಲ್ಕನೇ ಶತಮಾನದ ಚಿಲ್ಲರೆಯಲ್ಲಿ ಇಷ್ಟು ದಪ್ಪದ್ದು ಸಿಗುವುದಿಲ್ಲ. ಇದು ಅದಕ್ಕಿಂತ ಹಳೆಯದು, ಸೆಸ್ಟರ್ಷಿಯಸ್ ಎಂಬ ದೊಡ್ಡ ನಾಣ್ಯ. ಅಂಚಿನಲ್ಲಿ ಒಂದು ಕಡೆ ಹಳದಿ ಮಿಂಚುತ್ತಿದೆ, ಅಂದರೆ ಹಿತ್ತಾಳೆ. ಹೊಸತಾಗಿ ಹೊಡೆದಾಗ ಇದು ಚಿನ್ನದ ಬಣ್ಣಕ್ಕಿರುತ್ತಿತ್ತು.

ಮುಖದ ಬದಿಯ ನಿಮ್ಮ ಮೂರನೇ ಫೋಟೊದಲ್ಲಿ ಬೆಳಕು ಎಡದಿಂದ ಬಂದಿದೆ. ಕಣ್ಣಿಲ್ಲ, ಬಾಯಿಲ್ಲ, ಮೂಗು ಒಂದು ಗೆರೆಯಷ್ಟೆ. ತಲೆಯ ಹೊರಗಿನ ಗೆರೆಯನ್ನು ಬೆರಳಲ್ಲಿ ಸವರಿದ ಹಾಗೆ ನೋಡುತ್ತಾ ಹೋಗಿ. ಹಣೆಯಿಂದ ಮೇಲೆ ಹೋಗಿ ನೆತ್ತಿಯ ಮೇಲೆ ಒಂದು ಉಬ್ಬು ಬರುತ್ತದೆ. ಕೊರಳ ಹಿಂದೆ ರಾಜರ ಮಾಲೆಗಿರುವಂಥ ಪಟ್ಟಿಯ ತುದಿಗಳಿಲ್ಲ, ಗಡ್ಡವೂ ಇಲ್ಲ. ಇವಳು ಹೆಂಗಸು. ನೆತ್ತಿಯ ಮೇಲಿರುವುದು ಜಡೆ ಸುತ್ತಿ ಕಟ್ಟಿದ ತುರುಬು.

ರೋಮಿನ ರಾಣಿಯರನ್ನು ಗುರುತಿಸಲು ತುರುಬಿಗಿಂತ ಒಳ್ಳೆಯ ಗುರುತಿಲ್ಲ. ಮುಖ ಸವೆಯುತ್ತದೆ, ತಲೆಯ ಆಕಾರ ಕೊನೆಯವರೆಗೂ ಉಳಿಯುತ್ತದೆ. ನೆತ್ತಿಯ ಮೇಲೆ ತುರುಬು ಕಟ್ಟಿದವಳು ಹಿರಿಯ ಫೌಸ್ಟಿನಾ, ಆಂಟೊನಿನಸ್ ಪಯಸ್ ಚಕ್ರವರ್ತಿಯ ಹೆಂಡತಿ. ಅವಳ ಮಗಳು ಕಿರಿಯ ಫೌಸ್ಟಿನಾ ತುರುಬನ್ನು ತಲೆಯ ಹಿಂದೆ ಕಟ್ಟುತ್ತಿದ್ದಳು. ಇವಳು ತಾಯಿಯೇ ಅಂತ ನನ್ನ ತೀರ್ಮಾನ. ಅವಳು ತೀರಿಕೊಂಡದ್ದು 140ರ ಸುಮಾರಿಗೆ. ಗಂಡ ಅವಳನ್ನು ದೇವತೆಯೆಂದು ಘೋಷಣೆ ಮಾಡಿಸಿ, ರೋಮಿನ ಮುಖ್ಯ ಚೌಕವಾದ ಫೋರಮ್‌ನಲ್ಲಿ ಗುಡಿ ಕಟ್ಟಿಸಿದ. ಅದರ ಕಂಬಗಳು ಇವತ್ತೂ ನಿಂತಿವೆ. ತಾನು 161ರಲ್ಲಿ ಸಾಯುವವರೆಗೂ ಅವಳ ಹೆಸರಿನಲ್ಲಿ ನಾಣ್ಯ ಹೊಡೆಸುತ್ತಲೇ ಇದ್ದ.

ಇಂಥ ಸೆಸ್ಟರ್ಷಿಯಸ್‌ಗಳು ಬ್ರಿಟನ್ನಿನಲ್ಲಿ ಮುಂದಿನ ಶತಮಾನದವರೆಗೂ ಚಲಾವಣೆಯಲ್ಲಿದ್ದವು. ನಿಮ್ಮದೂ ಹಾಗೆ ಅಂಗಡಿಯಿಂದ ಅಂಗಡಿಗೆ, ಬೆರಳಿಂದ ಬೆರಳಿಗೆ ಹೋಗಿಯೇ ಇಷ್ಟು ನುಣ್ಣಗಾಗಿದೆ. ಇದನ್ನು ತೊಳೆಯಲೇಬೇಡಿ. ಒಣ ಬಟ್ಟೆಯಲ್ಲಿ ಒರೆಸಿ ಇಟ್ಟುಬಿಡಿ.

ಸವೆತವನ್ನೂ ಓದಬಹುದು ಅನ್ನಲು ನಮ್ಮ ಕಡೆಯ ಒಂದು ಮಾತು ಹೇಳಬೇಕು. ರೋಮನ್ ನಾಣ್ಯಗಳು ದಕ್ಷಿಣ ಭಾರತಕ್ಕೂ ಬಂದಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ಕಿತು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ರಾಜನ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಚ್ಚು ಹಾಕಿದ್ದಾರೆ. ಕರೂರಿನ ಅಮರಾವತಿ ನದಿಯ ಮರಳಿನಲ್ಲಿ ನಿಮ್ಮ ಪೊಟ್ಟಣದ ಜಾತಿಯವೇ ಸಣ್ಣ ತಾಮ್ರದ ನಾಣ್ಯಗಳು ಸಿಗುತ್ತವೆ, ಹೆಚ್ಚಿನವು ತೀರಾ ಸವೆದವು. ಕಚ್ಚು, ತೂತು, ಸವೆತ ಇವೆಲ್ಲ ನಾಣ್ಯ ಟಂಕಸಾಲೆ ಬಿಟ್ಟ ಮೇಲೆ ಅದರ ಮೇಲೆ ಬಿದ್ದ ಬರಹ. ಅದನ್ನು ಅಳಿಸುವ ಹಕ್ಕು ನಮಗಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಮುಚ್ಚಿಕೊಂಡ ಮೂರು ನಾಣ್ಯಗಳಿಗೆ ಬರೋಣ. ಡಿಸ್ಟಿಲ್ಡ್ ವಾಟರ್ ತನ್ನಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್, ಉಪ್ಪಿನಂಶ ಇರುತ್ತದೆ. ಗಾಜಿನ ಬಟ್ಟಲಿನಲ್ಲಿ ಒಂದೊಂದೇ ನಾಣ್ಯವನ್ನು ಬೇರೆ ಬೇರೆ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ದಿನಕ್ಕೊಮ್ಮೆ ತೆಗೆದು ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಮಣ್ಣನ್ನು ಮೆಲ್ಲಗೆ ಎಬ್ಬಿಸಿ. ಗುಲಾಬಿ ಮುಳ್ಳು ಇನ್ನೂ ಚೆನ್ನ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಲ್ಲದೆ ಮುಟ್ಟಬೇಡಿ. ಮಣ್ಣು ಕಂದು, ಒರಟು. ಪ್ಯಾಟಿನಾ ನುಣುಪು, ಒಂದು ಥರ ಹೊಳಪು. ಕಡ್ಡಿಯ ಕೆಳಗೆ ಹೊಳಪು ಕಂಡ ತಕ್ಷಣ ಆ ಜಾಗ ಬಿಟ್ಟುಬಿಡಿ. ಗುಲಾಬಿ ಬಣ್ಣದ ತಾಮ್ರ ಕಂಡರೆ ದಾಟಬಾರದ ಗೆರೆ ದಾಟಿದ್ದೀರಿ ಅಂತ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವವರಿದ್ದಾರೆ. ನಾನು ಮಾಡುವುದಿಲ್ಲ. ಎಣ್ಣೆಯಲ್ಲೂ ಸ್ವಲ್ಪ ಆಮ್ಲ ಇದೆ, ಸಂದಿಯಲ್ಲಿ ಕೂತ ಎಣ್ಣೆ ಆಮೇಲೆ ಬರುವುದೂ ಇಲ್ಲ. ವೈರ್ ಬ್ರಷ್, ಬ್ಯಾಟರಿ ಜೋಡಿಸಿ ಮಾಡುವ ಎಲೆಕ್ಟ್ರೋಲಿಸಿಸ್ ಎರಡೂ ಬೇಡವೇ ಬೇಡ.

ಒಂದು ನಾಣ್ಯಕ್ಕೆ ತಿಂಗಳು ಹಿಡಿಯಬಹುದು. ಹಿಡಿಯಲಿ. ನೆನೆಹಾಕಿದ್ದು ಮುಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ, ಒಣ ಜಾಗದಲ್ಲಿ ಎರಡು ದಿನ ಪೂರ್ತಿ ಒಣಗಲು ಬಿಡಿ.

10ನೇ ನಾಣ್ಯದ ಹಸಿರು ಪುಡಿಗೆ ಇವತ್ತೇ ಗಮನ ಕೊಡಿ. ಕಡ್ಡಿ ತಾಗಿಸಿದರೆ ಉದುರುವ, ಪಿಸ್ತಾ ಬಣ್ಣದ ಪುಡಿ ಪ್ಯಾಟಿನಾ ಅಲ್ಲ. ಅದು ಕಾಯಿಲೆ. ಇಂಗ್ಲಿಷಿನವರು ಬ್ರಾಂಜ್ ಡಿಸೀಸ್ ಅನ್ನುತ್ತಾರೆ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್ ಪ್ಯಾಟಿನಾದ ಕೆಳಗೆ, ಲೋಹದ ಹತ್ತಿರ ಕೂತಿರುತ್ತದೆ. ಗಾಳಿಯ ತೇವ ತಾಗಿದರೆ ಅದು ಆಮ್ಲ ಹುಟ್ಟಿಸುತ್ತದೆ. ಆಮ್ಲ ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್ ಹುಟ್ಟುತ್ತದೆ. ಈ ಚಕ್ರ ತಾನಾಗಿ ನಿಲ್ಲುವುದಿಲ್ಲ. ಎರಡು ಸಾವಿರ ವರ್ಷ ಉಳಿದ ನಾಣ್ಯ ಕಪಾಟಿನೊಳಗೆ ಕೆಲವೇ ವರ್ಷದಲ್ಲಿ ಪುಡಿಯಾದದ್ದನ್ನು ಕಂಡಿದ್ದೇನೆ.

ಈಗಲೇ ಅದನ್ನು ಉಳಿದವುಗಳಿಂದ ಬೇರೆ ಮಾಡಿ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಒಳಗಿನ ತೇವಾಂಶ ಶೇ. 40ಕ್ಕಿಂತ ಕೆಳಗಿದ್ದರೆ ಕಾಯಿಲೆ ಮಲಗಿರುತ್ತದೆ. ಅಷ್ಟು ಮಾಡಿ, ಲೋಹ ಸಂರಕ್ಷಣೆ ಕಲಿತವರಿಗೆ ತೋರಿಸಿ. ಇದಕ್ಕೆ ಅವರು ಬಳಸುವ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ಮೈಗೆ ಒಳ್ಳೆಯದಲ್ಲ, ಅಡುಗೆಮನೆಯ ಮೇಜಿನ ಮೇಲೆ ಅದರ ಪ್ರಯೋಗ ಬೇಡ.

ಉಳಿದವುಗಳಿಗೆ ಒಣಗಿದ ಮೇಲೆ ಮೇಣದ ತೆಳು ಲೇಪ ಸಾಕು. ರೆನೈಸಾನ್ಸ್ ವ್ಯಾಕ್ಸ್ ಅಂತ ಸಿಗುತ್ತದೆ, ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪಿಸಿದ್ದು. ಸಾಸಿವೆಕಾಳಿನಷ್ಟು ತೆಗೆದು ಬಟ್ಟೆಯಲ್ಲಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಅಗ್ಗದ ಪ್ಲಾಸ್ಟಿಕ್ ಆಲ್ಬಂನಲ್ಲಿ ಹಾಕಬೇಡಿ. ಪಿವಿಸಿ ಪ್ಲಾಸ್ಟಿಕ್ ವರ್ಷ ಕಳೆದಂತೆ ಬೆವರುತ್ತದೆ, ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲ ಅಥವಾ ಆಮ್ಲರಹಿತ ಕಾಗದದ ಲಕೋಟೆ ಕೇಳಿ ತನ್ನಿ. ಓಕ್ ಮರದ ಡ್ರಾಯರ್‌ನಲ್ಲೂ ಬೇಡ, ಆ ಮರದಿಂದ ಆಮ್ಲದ ಆವಿ ಬರುತ್ತದೆ. ಹಿಡಿಯುವಾಗ ಅಂಚನ್ನೇ ಹಿಡಿಯಿರಿ, ಬೆವರಲ್ಲೂ ಉಪ್ಪಿದೆ ಅಲ್ವಾ?

ಪ್ರತಿ ಲಕೋಟೆಯ ಮೇಲೆ ಅಗಲ, ತೂಕ, ಎಲ್ಲಿ ಯಾವತ್ತು ಕೊಂಡದ್ದು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಮಾರಿದವರನ್ನು ಈ ನಾಣ್ಯಗಳು ಯಾವ ದೇಶದಿಂದ ಬಂದವು ಅಂತ ಕೇಳಿ, ರಸೀದಿ ಇಟ್ಟುಕೊಳ್ಳಿ. ಸಿಕ್ಕ ಜಾಗ ಗೊತ್ತಿದ್ದರೆ ಸವೆದ ನಾಣ್ಯವೂ ಆ ಊರಿನ ಚರಿತ್ರೆಗೆ ಸಾಕ್ಷಿಯಾಗುತ್ತದೆ. ಹೀಗೆ ಪೊಟ್ಟಣ ಕಟ್ಟಿ ಮಾರುವಾಗ ಮೊದಲು ಕಳೆದುಹೋಗುವುದು ಆ ಮಾಹಿತಿಯೇ. ನನಗೆ ಅದು ತುಂಬಾ ಸಂಕಟದ ವಿಷಯ. ನೀವೇ ಎಲ್ಲಾದರೂ ನೆಲದಲ್ಲಿ ಕಂಡರೆ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಇಂಗ್ಲೆಂಡಿನ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನವರಿಗೆ ತೋರಿಸಿ. ಊರಲ್ಲಿ ಯಾರ ಹೊಲದಲ್ಲಾದರೂ ಹಳೆಯ ನಾಣ್ಯಗಳ ಗಂಟು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೆ ಕಾನೂನೇ ಇದೆ.

ನಾನು ಹೇಳಿದ್ದನ್ನು ನೀವೇ ತಾಳೆ ನೋಡಲು ‘ಆನ್‌ಲೈನ್ ಕಾಯಿನ್ಸ್ ಆಫ್ ದ ರೋಮನ್ ಎಂಪೈರ್’ ಅನ್ನುವ ಪಟ್ಟಿ ಇದೆ. ದುಡ್ಡು ಕೊಡಬೇಕಿಲ್ಲ. ಫೌಸ್ಟಿನಾ ಹೆಸರು ಹಾಕಿ ಹುಡುಕಿ, ಅವಳ ತುರುಬಿನ ಪಕ್ಕದಲ್ಲಿ ನಿಮ್ಮ ಫೋಟೊ ಇಟ್ಟು ನೋಡಿ.

7 ಮತ್ತು 12 ತೀರಾ ಚಿಕ್ಕವು, 13 ಮಿಲಿಮೀಟರ್ ಕೂಡ ಇಲ್ಲ. ನಾಲ್ಕನೇ ಶತಮಾನದ ಕೊನೆಯವಿರಬೇಕು, ಅದಕ್ಕಿಂತ ಜಾಸ್ತಿ ಆ ಫೋಟೊಗಳಲ್ಲಿ ಸಿಗುತ್ತಿಲ್ಲ. 11ನೆಯದರ ಮಣ್ಣಿನ ಸಂದಿಯಲ್ಲಿ ತಲೆಯ ಸುತ್ತ ಕಿರಣದಂಥ ಮೊನೆಗಳು ಇಣುಕುತ್ತಿವೆ. ಅದು ಕಿರಣದ ಕಿರೀಟವಾದರೆ ನಾಣ್ಯ ಮೂರನೇ ಶತಮಾನದ್ದು ಇರಬಹುದು, ಮೇಲೆ ತೆಳ್ಳಗೆ ಬೆಳ್ಳಿಯ ಲೇಪವೂ ಉಳಿದಿರಬಹುದು. ಕಡ್ಡಿ ಮುಟ್ಟಿಸುವ ಮೊದಲು ಎಡದಿಂದ ಒಂದು, ಮೇಲಿನಿಂದ ಒಂದು ಓರೆ ಬೆಳಕಿನ ಫೋಟೊ ತೆಗೆದು ಕಳಿಸಿ.